ಗೆಳೆಯನಿಗೊಂದು ಪತ್ರ: ಬಾಗಿಲು ಮುಚ್ಚಿದರೆ ಸಾಕಾ?

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸುಮ್ನೆ ಏನೋ ಹೇಳಿ ಮುಗಿಸಿಬಿಟ್ಟೆ. ದೊಡ್ಡ ಕರುಳಿನ ಕ್ಯಾನ್ಸರಿಗೆ ಸೆಟುಕ್ಸಿಮ್ಯಾಬ್ ಅಂತ ಔಷಧ ಇದೆ, ಆದರೆ ಕೆ-ರಾಸ್ ಎಂಬ ಜೀನಿನ ಪರೀಕ್ಷೆಯ ರಿಪೋರ್ಟ್ ನೋಡಿ ಕೆಲವರಿಗೆ ಅದು ಬೇಡ ಅನ್ನುತ್ತಾರೆ, ಯಾಕೆ ಅಂತ ತಾನೇ ನಿನ್ನ ಪ್ರಶ್ನೆ? ಈಗ ಕೂತು ಸರಿಯಾಗಿ ಬರೆಯುತ್ತಿದ್ದೇನೆ.

ಇಲಿಮರಿಗಳಿಂದ ಶುರು ಮಾಡುತ್ತೇನೆ. ಸ್ಟ್ಯಾನ್ಲಿ ಕೋಹೆನ್ ಎಂಬ ವಿಜ್ಞಾನಿ ನರ ಬೆಳೆಸುವ ಪ್ರೋಟೀನಿನ ಬೆನ್ನು ಹತ್ತಿದ್ದರು. ಇಲಿಯ ಜೊಲ್ಲುಗ್ರಂಥಿಯ ರಸವನ್ನು ಹಸುಗೂಸು ಮರಿಗಳಿಗೆ ಚುಚ್ಚಿದರೆ, ಎರಡು ವಾರ ಬೇಕಾದ ಮರಿಗಳು ಒಂದೇ ವಾರಕ್ಕೆ ಕಣ್ಣು ಬಿಟ್ಟವು! ರಸದಲ್ಲಿ ಇನ್ನೇನೋ ಇತ್ತು. ಅದೇ ಇಜಿಎಫ್, ಕೋಶಗಳಿಗೆ ಬೆಳೆಯಲು ಹೇಳುವ ಪ್ರೋಟೀನು. ಬರೀ 53 ಅಮೈನೋ ಆಮ್ಲಗಳ ಪುಟ್ಟದು. 1986ರಲ್ಲಿ ಅವರಿಗೂ, ಆ ನರ ಬೆಳೆಸುವ ಪ್ರೋಟೀನನ್ನು ಕಂಡುಹಿಡಿದ ರೀಟಾ ಲೆವಿ-ಮೊಂಟಾಲ್ಚಿನಿಗೂ ನೊಬೆಲ್ ಬಂತು.

ಇಜಿಎಫ್ ಜೀವಕೋಶದ ಒಳಗೆ ಹೋಗಬೇಕಾಗಿಯೇ ಇಲ್ಲ. ಹೊರಮೈಯಲ್ಲಿ ಸುದ್ದಿ ಹಿಡಿಯುವ ಪ್ರೋಟೀನು, ಅಂದರೆ ರಿಸೆಪ್ಟರ್‌ಗೆ ಅಂಟಿದರೆ ಸಾಕು. (ಗ್ರಾಹಕ ಅಂತ ಬರೆದರೆ ಅಂಗಡಿಯ ಗಿರಾಕಿ ನೆನಪಾಗುತ್ತಾನೆ, ಬಿಡು.) ಎರಡು ರಿಸೆಪ್ಟರ್‌ಗಳು ಜೊತೆಯಾಗುತ್ತವೆ, ಒಳಗೆ ರಾಸ್ ಎಂಬ ಸ್ವಿಚ್ಚು ಆನ್ ಆಗುತ್ತದೆ. ಅಲ್ಲಿಂದ ಸುದ್ದಿ ರಾಫ್, ಮೆಕ್, ಎರ್ಕ್ ಎಂಬ ಪ್ರೋಟೀನುಗಳಿಗೆ ಒಂದರಿಂದೊಂದಕ್ಕೆ ದಾಟುತ್ತದೆ. ಎರ್ಕ್ ಕೋಶಕೇಂದ್ರದೊಳಗೆ ಹೋಗುತ್ತದೆ. ಕೆಲವೇ ನಿಮಿಷಗಳಲ್ಲಿ ಫಾಸ್ ಜೀನ್ ಎಚ್ಚರವಾಗುತ್ತದೆ, ಮಿಕ್ ಕೂಡ. ಕೋಶ ಒಡೆದು ಎರಡಾಗಲು ತಯಾರಿ ಶುರು.

ಆನ್ ಆದದ್ದು ಆಫ್ ಆಗಬೇಕಲ್ವಾ? ನನಗೆ ತುಂಬಾ ಇಷ್ಟವಾದ ಭಾಗ ಇದು. ಜಿಟಿಪಿ ಎಂಬ ಅಣು ಹಿಡಿದುಕೊಂಡಿರುವಷ್ಟು ಹೊತ್ತು ರಾಸ್ ಆನ್. ಅದರ ತುದಿಯ ಫಾಸ್ಫೇಟ್ ಕತ್ತರಿಸಿದರೆ ಆಫ್. ಕತ್ತರಿಸಲು ಬೇರೊಂದು ಪ್ರೋಟೀನು ಬಂದು ಒಳಗೆ ಬೆರಳು ತೂರಿಸಬೇಕು. ಆ ಸಂದಿಯಲ್ಲೇ ಇರುವುದು ರಾಸ್‌ನ 12ನೇ ಅಮೈನೋ ಆಮ್ಲ ಗ್ಲೈಸಿನ್. ಎಲ್ಲಕ್ಕಿಂತ ಚಿಕ್ಕದು. ಅದರ ಜಾಗಕ್ಕೆ ಕೊಂಚ ದಪ್ಪನೆಯದು ಬಂದು ಕೂತರೆ ಬೆರಳು ಹೋಗುವುದೇ ಇಲ್ಲ. 1982ರಲ್ಲಿ ಮೂತ್ರಕೋಶದ ಕ್ಯಾನ್ಸರ್ ಕೋಶಗಳಲ್ಲಿ ಸಿಕ್ಕಿದ್ದು ಇದೇ. ಜೀನ್‌ನಲ್ಲಿ ಒಂದಕ್ಷರ ತಪ್ಪಿತ್ತು, ಗ್ಲೈಸಿನ್ ಇರಬೇಕಾದಲ್ಲಿ ವ್ಯಾಲಿನ್.

ಈಗ ನಿನ್ನ ಪ್ರಶ್ನೆ. ಸೆಟುಕ್ಸಿಮ್ಯಾಬ್ ಹೊರಗಿನ ರಿಸೆಪ್ಟರ್ ಮೇಲೆ ಕೂತು ಬಾಗಿಲು ಮುಚ್ಚುತ್ತದೆ. ಒಳಗಿನ ಸ್ವಿಚ್ಚೇ ಆನ್ ಆಗಿ ಸಿಕ್ಕಿಕೊಂಡಿದ್ದರೆ ಬಾಗಿಲು ಮುಚ್ಚಿ ಏನು ಬಂತು? ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ನೂರಕ್ಕೆ ಸುಮಾರು 40 ಗಡ್ಡೆಗಳಲ್ಲಿ ಕೆ-ರಾಸ್ (ರಾಸ್‌ನದೇ ಒಂದು ಬಗೆ) ಹೀಗೆ ಕೆಟ್ಟಿರುತ್ತದೆ. ಅಂಥವರಿಗೆ ಸಾಮಾನ್ಯವಾಗಿ ಔಷಧದ ಉಪಯೋಗ ಇಲ್ಲ, ಅಡ್ಡಪರಿಣಾಮ ಮಾತ್ರ ಮಿಕ್ಕುತ್ತದೆ. ಬೇಡ ಅನ್ನುವುದೇ ಸರಿ.

ಇಲ್ಲಿಗೆ ಮುಗಿಸಬಹುದಿತ್ತು, ಆದರೆ ಒಂದು ತಮಾಷೆ ಇದೆ. ರಾಫ್‌ನ ಒಂದು ಬಗೆಯಾದ ಬಿ-ರಾಫ್ ಕೂಡ ಹೀಗೇ ಕೆಡುತ್ತದೆ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಸುಮಾರು ಅರ್ಧದಷ್ಟು ಗಡ್ಡೆಗಳಲ್ಲಿ ಇದಿದೆ. ಅದನ್ನು ತಡೆಯುವ ವೆಮುರಾಫೆನಿಬ್ 2011ರಲ್ಲಿ ಬಂತು, ಗಡ್ಡೆಗಳು ಕುಗ್ಗಿದವು. ಅದೇ ತಪ್ಪಿದ್ದ ಕರುಳಿನ ಗಡ್ಡೆ ಮಾತ್ರ ಜಾಸ್ತಿ ಜಗ್ಗಲಿಲ್ಲ. ಮರುವರ್ಷ ಕಾರಣ ಗೊತ್ತಾಯಿತು. ಎರ್ಕ್ ಜೋರಾಗಿದ್ದಾಗ ಹಿಂದಕ್ಕೆ ಸುದ್ದಿ ಕಳಿಸಿ ಇಜಿಎಫ್ ರಿಸೆಪ್ಟರನ್ನು ತಗ್ಗಿಸಿಟ್ಟಿತ್ತು. ಔಷಧದಿಂದ ಎರ್ಕ್ ಇಳಿದದ್ದೇ ತಡ, ರಿಸೆಪ್ಟರ್ ಎದ್ದು ಕೂತಿತು, ಕೋಶ ಮತ್ತೆ ಬೆಳೆಯತೊಡಗಿತು. ಮೆಲನೋಮಾ ಕೋಶಗಳಲ್ಲಿ ಆ ರಿಸೆಪ್ಟರೇ ತೀರಾ ಕಡಿಮೆ.

ಅದಕ್ಕೇ ಬಿ-ರಾಫ್ ಕೆಟ್ಟ ಕರುಳಿನ ಕ್ಯಾನ್ಸರಿಗೆ ಈಗ ಎರಡು ಔಷಧ ಒಟ್ಟಿಗೆ ಕೊಡುತ್ತಾರೆ. ಒಂದು ಬಿ-ರಾಫ್ ತಡೆಯಲು. ಇನ್ನೊಂದು ಯಾವುದು ಗೊತ್ತಾ? ನೀನು ಕೇಳಿದ ಅದೇ ಸೆಟುಕ್ಸಿಮ್ಯಾಬ್.

ನಿನ್ನ ಗೆಳೆಯ