ಕೆಂಪು ಕಣ್ಣಿಗೆ ಕಂಡ ಡ್ರಾಪ್ಸ್ ಹಾಕಬೇಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಶುರುವಾದರೆ ಮುಂಬೈಯಲ್ಲಿ ಕಣ್ಣು ಬೇನೆಯ ಕಾಟವೂ ಶುರು. ಡೊಂಬಿವಲಿಯ ನಮ್ಮ ಬಿಲ್ಡಿಂಗ್‌ನಲ್ಲೂ ಈಗ ಮನೆಮನೆಯಲ್ಲಿ ಕೆಂಪು ಕಣ್ಣು. ಬೇನೆಗಿಂತ ಅದಕ್ಕೆ ಜನ ತಾವೇ ಮಾಡಿಕೊಳ್ಳುವ ಔಷಧಿಯೇ ನನಗೆ ಜಾಸ್ತಿ ಭಯ.

ಮೊನ್ನೆ ಮೆಡಿಕಲ್‌ನಲ್ಲಿ ನನ್ನ ಮುಂದಿದ್ದವರು ಮರಾಠಿಯಲ್ಲಿ 'ಡೋಳೆ ಆಲೇತ್' (ಕಣ್ಣು ಬೇನೆ ಬಂದಿದೆ) ಎಂದರು, ಅಷ್ಟೇ. ಚೀಟಿ ಕೇಳಲಿಲ್ಲ, ಕಣ್ಣು ನೋಡಲಿಲ್ಲ, ಪುಟ್ಟ ಬಾಟಲಿ ಕೈಗೆ ಬಂತು. ಮೇಲೆ ಡೆಕ್ಸಾಮೆಥಾಸೋನ್ ಎಂದಿತ್ತು. ಅದು ಸ್ಟೀರಾಯ್ಡ್, ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಔಷಧಿ. ಹಾಕಿದರೆ ಕೆಂಪು ಬೇಗ ಇಳಿಯುತ್ತದೆ, ಅದಕ್ಕೇ ಜನ ಕೇಳಿ ತಗೊಳ್ಳುತ್ತಾರೆ. ಆದರೆ ಕಣ್ಣಿನಲ್ಲಿರುವುದು ಹರ್ಪಿಸ್ ಎಂಬ ವೈರಸ್ ಸೋಂಕಾದರೆ ಇದೇ ಡ್ರಾಪ್ಸ್‌ನಿಂದ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಹಾಳಾಗಬಹುದು. ವಾರಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ, ದೃಷ್ಟಿಯ ನರ ಹಾಳುಮಾಡುವ ಗ್ಲಾಕೋಮಾ ಬರಬಹುದು.

ಕೆಂಪಾದ ಕಣ್ಣೆಲ್ಲ ಒಂದೇ ಅಲ್ಲ. ಹೀಗೆ ಊರಿಗೆಲ್ಲ ಹಬ್ಬುವುದು ಸಾಮಾನ್ಯವಾಗಿ ವೈರಸ್‌ನದು. ಒಂದು ಕಣ್ಣಲ್ಲಿ ಶುರುವಾಗಿ ಇನ್ನೊಂದಕ್ಕೂ ಬರುತ್ತದೆ, ನೀರು ಸುರಿಯುತ್ತದೆ, ಮರಳು ಬಿದ್ದ ಹಾಗೆ ಚುಚ್ಚುತ್ತದೆ. ಇದಕ್ಕೆ ಆಂಟಿಬಯೋಟಿಕ್ ಸುಮ್ನೆ ದಂಡ. ತಣ್ಣನೆ ಬಟ್ಟೆ ಇಟ್ಟುಕೊಂಡು, ಡಾಕ್ಟರು ಹೇಳಿದ ಕಣ್ಣೀರಿನಂಥ ಡ್ರಾಪ್ಸ್ ಹಾಕಿದರೆ ಒಂದೆರಡು ವಾರದಲ್ಲಿ ತಾನಾಗಿ ವಾಸಿಯಾಗುತ್ತದೆ. ಹಳದಿ ಗೀಜು ಬಂದು ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿದ್ದರೆ ಬ್ಯಾಕ್ಟೀರಿಯಾದ್ದು ಇರಬಹುದು, ಅಲ್ಲಿ ಆಂಟಿಬಯೋಟಿಕ್ ಡ್ರಾಪ್ಸ್ ಬೇಕಾಗಬಹುದು. ಎರಡೂ ಕಣ್ಣು ತಡೆಯಲಾರದಷ್ಟು ತುರಿಸಿ, ಜೊತೆಗೆ ಸೀನೂ ಇದ್ದರೆ ಅಲರ್ಜಿ. ಅದು ಇನ್ನೊಬ್ಬರಿಗೆ ಅಂಟುವುದಿಲ್ಲ, ಅದರ ಔಷಧಿಯೂ ಬೇರೆ.

ನೋವು ಜೋರಾದರೆ, ದೃಷ್ಟಿ ಮಂಜಾದರೆ, ಬೆಳಕು ನೋಡಲಾಗದಿದ್ದರೆ ಕಾಯಬೇಡಿ, ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ತಕ್ಷಣ ತೆಗೆದಿಟ್ಟು ತೋರಿಸಬೇಕು. ಹುಟ್ಟಿದ ಮಗುವಿನ ಕಣ್ಣು ಗೀಜು ಕಟ್ಟಿದರೆ ಎದೆಹಾಲು, ಹರಳೆಣ್ಣೆ ಬಿಡುತ್ತಾ ಕೂರಬೇಡಿ. ಆ ಸೋಂಕು ಮಗುವಿನ ದೃಷ್ಟಿಯನ್ನೇ ಕಸಿಯಬಹುದು.

ಇನ್ನು, ನೋಡಿದ ಮಾತ್ರಕ್ಕೆ ಕಣ್ಣು ಬೇನೆ ಅಂಟುವುದಿಲ್ಲ. ಅಂಟುವುದು ಕೈಯಿಂದ, ಟವೆಲಿನಿಂದ, ಒಂದೇ ಕಾಡಿಗೆ ಡಬ್ಬಿಯಿಂದ. ಲೋಕಲ್ ರೈಲಿನ ಹಿಡಿ ಹಿಡಿದ ಕೈಯಲ್ಲಿ ಕಣ್ಣು ಉಜ್ಜಿದರೆ ಸಾಕು, ಅಲ್ವಾ? ಸೋಪು ಹಾಕಿ ಕೈ ತೊಳೆಯಿರಿ, ಈ ಬೇನೆಗೆ ಹೆಚ್ಚಾಗಿ ಕಾರಣವಾಗುವ ಅಡಿನೋವೈರಸ್‌ಗೆ ಸ್ಯಾನಿಟೈಸರ್ ಸಾಲದು. 2023ರ ಜುಲೈನಲ್ಲಿ ಪುಣೆ ಬಳಿಯ ಆಳಂದಿಯಲ್ಲಿ ಶಾಲೆ ಮಕ್ಕಳಿಗೆ ಇದು ಎಷ್ಟು ಬೇಗ ಹಬ್ಬಿತೆಂದು ನೋಡಿದ್ದೇವೆ.

ಚೀಟಿ ಇಲ್ಲದೆ ಸ್ಟೀರಾಯ್ಡ್ ಡ್ರಾಪ್ಸ್ ಮಾರುವುದನ್ನು ರಾಜ್ಯದ ಆಹಾರ ಮತ್ತು ಔಷಧ ಆಡಳಿತ ಈ ಮಳೆಗಾಲದಲ್ಲೇ ತಪಾಸಣೆ ಮಾಡಿ ನಿಲ್ಲಿಸಬೇಕು. ನಮ್ಮ ಕನ್ನಡ ಸಂಘಗಳೂ ತಮ್ಮ ವಾಟ್ಸಾಪ್ ಗುಂಪುಗಳಲ್ಲಿ ಈ ಮಾತನ್ನು ಹಾಕಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಒಬ್ಬ ಓದುಗ, ಡೊಂಬಿವಲಿ ಪೂರ್ವ