ನಿಮ್ಮ ವಾಚಿನ ಕ್ಯಾಲೊರಿ ಲೆಕ್ಕದ ಬಗ್ಗೆ ನನ್ನ ನಾಲ್ಕನೇ ದೂರು

ಗ್ರಾಹಕ ಸೇವೆಯವರಿಗೆ,

ಮೂರು ಸಲ ಫೋನಿನಲ್ಲಿ ಸಮಾಧಾನದಿಂದಲೇ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದಕ್ಕೇ ಈಗ ಬರೆದು ಕೊಡುತ್ತಿದ್ದೇನೆ.

ನನ್ನ ತೂಕ 64 ಕಿಲೋ. ದಿನಾ ಬೆಳಿಗ್ಗೆ ಟ್ರೆಡ್‌ಮಿಲ್ ಮೇಲೆ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಒಂದು ಗಂಟೆ ನಡೆಯುತ್ತೇನೆ. ನಿಮ್ಮ ವಾಚ್ 410 ಕ್ಯಾಲೊರಿ ತೋರಿಸುತ್ತದೆ. ಈ ನಡಿಗೆಗೆ ಸುಮಾರು 3.5 ಮೆಟ್, ಅಂದರೆ ಸುಮ್ನೆ ಕೂತಾಗ ಖರ್ಚಾಗುವುದರ ಮೂರೂವರೆ ಪಟ್ಟು. ಕೂತಾಗ ಒಂದು ಕಿಲೋ ತೂಕಕ್ಕೆ ಗಂಟೆಗೆ ಹೆಚ್ಚುಕಡಿಮೆ 1 ಕ್ಯಾಲೊರಿ. ಗುಣಿಸಿ ನೋಡಿ, 224 ಬರುತ್ತದೆ. ಅದರಲ್ಲೂ 64 ನಾನು ಕುರ್ಚಿ ಬಿಟ್ಟು ಏಳದಿದ್ದರೂ ಖರ್ಚಾಗುತ್ತಿತ್ತು, ಅಲ್ವಾ? ನಡೆದದ್ದಕ್ಕೆ ಅಂತ ಉಳಿಯುವುದು 160 ಮಾತ್ರ. ಇದು ಅಂದಾಜೇ, ಒಬ್ಬೊಬ್ಬರಿಗೆ ಸ್ವಲ್ಪ ಆಚೀಚೆ ಆಗುತ್ತದೆ. ಆದರೆ 160 ಎಲ್ಲಿ, 410 ಎಲ್ಲಿ?

ನಿಮ್ಮ ಆ್ಯಪ್ ಆ 410ನ್ನು ಹಾಗೇ ಅವತ್ತಿನ ಊಟದ ಲೆಕ್ಕಕ್ಕೆ ಸೇರಿಸಿ, ಇಷ್ಟು ಜಾಸ್ತಿ ತಿನ್ನಬಹುದು ಎನ್ನುತ್ತದೆ. ಕೂತಾಗಿನ ಖರ್ಚು ಆ ಲೆಕ್ಕದಲ್ಲಿ ಮೊದಲೇ ಇದೆ. ಅದನ್ನೇ ಎರಡು ಸಲ ಎಣಿಸುತ್ತಿದ್ದೀರಿ. ನಾನು ನಂಬಿ, ತಕ್ಕಡಿಯಲ್ಲಿ ತೂಗಿ ತಿಂದೆ. ನಾಲ್ಕು ತಿಂಗಳಲ್ಲಿ ಎರಡು ಕಿಲೋ ಏರಿದೆ.

ಮೂರನೇ ಸಲ ಫೋನ್ ಮಾಡಿದಾಗ ಆಫೀಸಿನ ಮೆಟ್ಟಿಲ ಹತ್ತಿರ ನಿಂತಿದ್ದೆ. ಇಪ್ಪತ್ತೈದು ನಿಮಿಷ ಸಂಗೀತ ಕೇಳಿಸಿದ ಮೇಲೆ ನಿಮ್ಮವರು ಬಂದರು. ತೂಕ ಎಷ್ಟು ಅಂದರು. ಹೇಳಿದೆ. ಕೇಳಿಸಲಿಲ್ಲ, ಜೋರಾಗಿ ಹೇಳಿ ಅಂದರು. ಹೇಳಿದೆ. ಇನ್ನೊಂದು ಸಲ ಕೇಳಿದರು. ಮೂರನೇ ಸಲ ನಾನು ಅರವತ್ನಾಲ್ಕು ಅಂತ ಕೂಗಿದಾಗ ಮೆಟ್ಟಿಲು ಇಳಿಯುತ್ತಿದ್ದ ಇಬ್ಬರು ತಿರುಗಿ ನೋಡಿದರು. ಆಮೇಲೆ ನಿಮ್ಮವರು ಹೇಳಿದ್ದು ಇಷ್ಟು: "ವಾಚ್ ಸರಿಯಾಗಿದೆ ಮೇಡಂ. ಲೆಕ್ಕಕ್ಕೆ ಬರೆಯದೆ ಏನಾದರೂ ತಿನ್ನುತ್ತಿದ್ದೀರಾ?" ನನಗೆ ಗಂಟಲು ಕಟ್ಟಿತು. ಇಲ್ಲ ಅಂದೆ. "ಎಲ್ಲರೂ ಹಾಗೇ ಹೇಳುತ್ತಾರೆ" ಅಂದರು. ಅಷ್ಟರಲ್ಲಿ ಲೈನ್ ಕಟ್ಟಾಯಿತು.

ಕಳೆದ ವಾರ ಜ್ವರ ಬಂದು ಮಲಗಿದ್ದೆ. ನಾಡಿ 105 ಇತ್ತು. ಸಂಜೆ ನೋಡಿದರೆ ನಿಮ್ಮ ವಾಚ್ ಅದನ್ನು ವ್ಯಾಯಾಮ ಅಂತ ಹಿಡಿದು 190 ಕ್ಯಾಲೊರಿ ಬರೆದುಕೊಂಡಿತ್ತು! ಎದೆಬಡಿತ ಜ್ವರಕ್ಕೂ ಏರುತ್ತದೆ, ಕಾಫಿಗೂ ಏರುತ್ತದೆ, ಸೆಕೆಗೂ ಏರುತ್ತದೆ. ಬಡಿತ ಏರಿದ ಮಾತ್ರಕ್ಕೆ ಮೈ ಕೆಲಸ ಮಾಡಿದ ಹಾಗಲ್ಲ. ವಾಚ್ ಮಾಡುವ ನಿಮಗೆ ಇದು ಗೊತ್ತಿರಲೇಬೇಕು. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಜನರ ಮೇಲೆ 7 ಬಗೆಯ ಸಾಧನಗಳನ್ನು ಪರೀಕ್ಷಿಸಿದ್ದರು. ಆರು ಸಾಧನಗಳಲ್ಲಿ ಎದೆಬಡಿತದ ತಪ್ಪು 5%ಗಿಂತ ಕಡಿಮೆ ಇತ್ತು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಚೆನ್ನಾಗಿದ್ದದ್ದೂ 27% ತಪ್ಪಿತ್ತು. ಹಾಗಿದ್ದ ಮೇಲೆ ಡಬ್ಬಿಯ ಮೇಲೆ "ನಿಖರ" ಅಂತ ದಪ್ಪಕ್ಷರದಲ್ಲಿ ಯಾಕೆ ಅಚ್ಚು ಹಾಕಿದ್ದೀರಿ?

ನಡಿಗೆಯ ಖರ್ಚನ್ನು ಬೇರೆ ತೋರಿಸಿ. ಅಂದಾಜು ಎಂಬ ಮಾತನ್ನು ಪರದೆಯ ಮೇಲೇ ಬರೆಯಿರಿ. ನನ್ನ ಹಣ ವಾಪಸ್ ಕೊಡಿ. ಆ ಕರೆಯ ರೆಕಾರ್ಡಿಂಗ್ ನಿಮ್ಮ ಹತ್ತಿರ ಇದೆ, ಅಳಿಸಬೇಡಿ. ನಾಲ್ಕು ತಿಂಗಳ ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇವೆ. ಹದಿನೈದು ದಿನ ಕಾಯುತ್ತೇನೆ. ಆಮೇಲೆ ಗ್ರಾಹಕರ ನ್ಯಾಯಾಲಯದಲ್ಲಿ ಸಿಗೋಣ. ಅಲ್ಲಿ ನನ್ನ ತೂಕವನ್ನು ಎಷ್ಟು ಸಲ ಕೇಳಿದರೂ ಹೇಳುತ್ತೇನೆ.