ಮೂರು ರಾತ್ರಿಯ ಉಜ್ಜೀವನ, ಉಳಿದ ಐವತ್ತೊಂದು ವಾರ

ಸಂಪಾದಕರಿಗೆ,

ಮಾನ್ಯರೇ,

ವರ್ಷಕ್ಕೊಮ್ಮೆ ಪೆಂಡಾಲು ಹಾಕಿ ಮೂರು ರಾತ್ರಿ ಉಜ್ಜೀವನ ಕೂಟ, ಅಂದರೆ ಭಕ್ತಿಯನ್ನು ಮತ್ತೆ ಎಬ್ಬಿಸುವ ಕೂಟ, ನಡೆಸುವ ಚರ್ಚುಗಳಲ್ಲೇ ಸಮಿತಿ ಚುನಾವಣೆಯ ಜಗಳ ಕೋರ್ಟಿನ ಮೆಟ್ಟಿಲು ಹತ್ತುವುದೇಕೆ ಎಂದು ನಿಮ್ಮ ಓದುಗರೊಬ್ಬರು ಇದೇ ಅಂಕಣದಲ್ಲಿ ಕೇಳಿದ್ದರು. ಚುಚ್ಚುವ ಪ್ರಶ್ನೆ, ಆದರೆ ನ್ಯಾಯವಾದದ್ದು. ಉತ್ತರ ಬರೆದವರಲ್ಲಿ ಹೆಚ್ಚಿನವರು ಜನರಲ್ಲಿ ಭಕ್ತಿ ಕಡಿಮೆಯಾಗಿದೆ ಎಂದು ಕೈತೊಳೆದುಕೊಂಡರು. ಚಳಿಯಲ್ಲಿ ಮೂರು ರಾತ್ರಿ ಕೂತು, ಅತ್ತು, ಕೈಯೆತ್ತಿ ಒಪ್ಪಿಸಿಕೊಡುವವರಿಗೆ ಭಕ್ತಿ ಇಲ್ಲವೆನ್ನುವುದು ಹೇಗೆ? ಆ ಕಣ್ಣೀರು ನಾಲ್ಕನೆಯ ದಿನ ಎಲ್ಲಿ ಹೋಯಿತೆಂದು ವಿಚಾರಿಸಲು ಯಾರನ್ನೂ ನೇಮಿಸಿಲ್ಲ, ದೋಷ ಇರುವುದು ಅಲ್ಲಿ.

ಪೌಲನು ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದ 2ನೇ ವಚನ ಎಲ್ಲರಿಗೂ ಬಾಯಿಪಾಠ. ಹಳೆಯ ಕನ್ನಡ ಬೈಬಲಿನಲ್ಲಿ ಅದು ‘ನೂತನಮನಸ್ಸನ್ನು ಹೊಂದಿಕೊಂಡು ಪರಲೋಕಭಾವದವರಾಗಿರಿ’ ಎಂದಿದೆ. ಕಿವಿಗೆ ಇಂಪಾದ ಮಾತು, ಆದರೆ ಅದರಿಂದ ಒಂದು ತಪ್ಪು ತಿಳಿವಳಿಕೆಯೂ ಬೇರೂರಿದೆ. ಪರಲೋಕಭಾವ ಎಂದೊಡನೆ ಲೋಕದ ಗೊಡವೆ ಬಿಟ್ಟು ಕಣ್ಣು ಮುಚ್ಚಿ ಕೂರುವುದು ನೆನಪಾಗುತ್ತದೆ. ಗ್ರೀಕ್ ಮೂಲದಲ್ಲಿರುವುದು ರೂಪಾಂತರದ ಕ್ರಿಯಾಪದ. ಬೆಟ್ಟದ ಮೇಲೆ ಯೇಸುವಿನ ರೂಪ ಬದಲಾದುದನ್ನು ಹೇಳುವಾಗ ಮತ್ತಾಯ, ಮಾರ್ಕರು ಬಳಸಿದ್ದೂ ಅದನ್ನೇ. ಅದರ ವ್ಯಾಕರಣದಲ್ಲಿ ಮೂರು ಸಂಗತಿಗಳಿವೆ. ಅದು ಬಹುವಚನ, ಒಂಟಿಯಾಗಿ ಕೂತವನಿಗೆ ಹೇಳಿದ್ದಲ್ಲ. ಅದು ವರ್ತಮಾನ ಕಾಲ, ಒಂದು ರಾತ್ರಿಯಲ್ಲಿ ಮುಗಿಯದೆ ಆಗುತ್ತಲೇ ಇರಬೇಕಾದದ್ದು. ಅದು ಕರ್ಮಣಿ, ನಾವೇ ನಮ್ಮನ್ನು ತಿದ್ದಿಕೊಳ್ಳಿ ಎಂದಲ್ಲ, ತಿದ್ದುವ ಕೈಗೆ ಸಿಕ್ಕುವಂತೆ ಇರಿ ಎಂದು. ಹಲವರು ಕೂಡಿ, ಬಿಡದೆ, ತಿದ್ದುವ ಕೈಗೆ ಸಿಕ್ಕುತ್ತಿರುವುದು ಹೇಗೆ ಎಂಬುದಕ್ಕೆ ನಮ್ಮ ಸಭೆಗಳ, ಅಂದರೆ ಚರ್ಚುಗಳ, ಮನೆತನದಲ್ಲೇ ವಾರವಾರ ಸಣ್ಣ ಗುಂಪಾಗಿ ಸೇರುವ ಒಂದು ಹಳೆಯ ರೂಢಿ ಇತ್ತು.

ಅದು ಹುಟ್ಟಿದ್ದು ಸಾಲದಿಂದ. ಇಂಗ್ಲೆಂಡಿನ ಬ್ರಿಸ್ಟಲ್ಲಿನಲ್ಲಿ ಮೆಥೋಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯವರು 1739ರಲ್ಲಿ ಕಟ್ಟಲು ಆರಂಭಿಸಿದ ಕೂಟದ ಮನೆಯ ಸಾಲ ತೀರಿರಲಿಲ್ಲ. 1742ರ ಫೆಬ್ರುವರಿಯಲ್ಲಿ ಅದಕ್ಕಾಗಿ ಸೇರಿದಾಗ ಕ್ಯಾಪ್ಟನ್ ಫಾಯ್ ಎಂಬವರು ತಲೆಗೆ ವಾರಕ್ಕೊಂದು ಪೆನ್ನಿ ಎತ್ತೋಣ ಎಂದರು. ಬಡವರಿಂದ ಅದೂ ಆಗದು ಎಂಬ ಮಾತು ಬಂತು. ಹಾಗಿದ್ದರೆ ತೀರಾ ಬಡವರಾದ ಹನ್ನೊಂದು ಮಂದಿಯನ್ನು ನನಗೆ ಬಿಡಿ, ವಾರವಾರ ನಾನೇ ಹೋಗಿ ಕೇಳುತ್ತೇನೆ, ಕೊಡಲಾಗದವರದ್ದನ್ನು ನಾನೇ ಹಾಕುತ್ತೇನೆ ಎಂದರು ಫಾಯ್. ಹೀಗೆ ಹನ್ನೆರಡರ ಗುಂಪುಗಳಾದವು. ಕಾಸು ಎತ್ತಲು ಮನೆಮನೆಗೆ ಹೋದವರಿಗೆ ಕಾಸಿನ ಜೊತೆ ಮನೆಯ ಒಳಗೂ ಕಂಡಿತು. ಇಂಥವರ ನಡೆ ನೆಟ್ಟಗಿಲ್ಲ ಎಂದು ಬಂದು ಹೇಳಿದರು. ಬಹುದಿನದಿಂದ ಬೇಕಾಗಿದ್ದದ್ದು ಇದೇ ಎಂದು ವೆಸ್ಲಿಯವರಿಗೆ ಹೊಳೆಯಿತು. ಆದರೆ ಗುಂಪಿನ ನಾಯಕರಿಗೆ ಮನೆಮನೆ ತಿರುಗಲು ಸಮಯ ಸಾಲದು, ಬೇರೆಯವರ ಮನೆಯಲ್ಲಿ ಆಳಾಗಿದ್ದವರನ್ನು ಮಾತಾಡಿಸಲು ಧಣಿಗಳು ಬಿಡರು. ಹಾಗಾಗಿ ಎಲ್ಲರೂ ವಾರಕ್ಕೊಮ್ಮೆ ಒಂದೆಡೆ ಸೇರುವುದು ರೂಢಿಯಾಯಿತು. ಅದಕ್ಕೆ ಕ್ಲಾಸ್ ಮೀಟಿಂಗ್ ಎಂದೇ ಹೆಸರು. ವೆಸ್ಲಿಯವರ 1743ರ ನಿಯಮಗಳು ಗುಂಪಿನ ನಾಯಕನ ಕೆಲಸವನ್ನು ಸ್ಪಷ್ಟವಾಗಿ ಹೇಳುತ್ತವೆ: ಪ್ರತಿಯೊಬ್ಬರನ್ನೂ ವಾರಕ್ಕೊಮ್ಮೆಯಾದರೂ ಕಂಡು ಆತ್ಮದ ಕ್ಷೇಮ ವಿಚಾರಿಸಬೇಕು, ಬಡವರಿಗಾಗಿ ಕೊಟ್ಟದ್ದನ್ನು ತೆಗೆದುಕೊಳ್ಳಬೇಕು. ಮೂರು ತಿಂಗಳಿಗೊಮ್ಮೆ ವಿಚಾರಣೆ ನಡೆಸಿ ಸದಸ್ಯತ್ವದ ಹೊಸ ಟಿಕೆಟ್ ಕೊಡುತ್ತಿದ್ದರು. ಇಂದು ನಮ್ಮಲ್ಲಿ ಉಳಿದಿರುವುದು ಚಂದಾ ರಸೀದಿ ಮಾತ್ರ.

ವೆಸ್ಲಿಯನ್ ಮಿಷನರಿಗಳು ಬೆಂಗಳೂರಿಗೆ ಬಂದದ್ದು 1821ರಲ್ಲಿ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನ ಬೇರು ಜರ್ಮನಿಯ ಪಯಟಿಸ್ಟರಲ್ಲಿ, ಅಂದರೆ ಒಳಗಿನ ಭಕ್ತಿಗೆ ಒತ್ತು ಕೊಟ್ಟ ಪ್ರೊಟೆಸ್ಟೆಂಟರಲ್ಲಿ ಇದೆ. ಅವರ ಮೂಲಪುರುಷ ಸ್ಪೇನರ್ 1670ರಲ್ಲಿ ಫ್ರಾಂಕ್‌ಫರ್ಟಿನ ತನ್ನ ಮನೆಯಲ್ಲೇ ಇಂಥ ಸಣ್ಣ ಕೂಟ ಆರಂಭಿಸಿದ್ದರು. ಎರಡೂ ಹೊಳೆಗಳು ಮುಂದೆ ದಕ್ಷಿಣ ಭಾರತ ಸಭೆಗೆ, ಅಂದರೆ ಸಿಎಸ್‌ಐಗೆ ಬಂದು ಸೇರಿದವು. ಹಾಗಾಗಿ ಇದನ್ನು ಹೊರಗಿನಿಂದ ತರಬೇಕಾಗಿಲ್ಲ, ಅಟ್ಟದಿಂದ ಇಳಿಸಿದರೆ ಸಾಕು.

ಸಭೆಯವರು ಮನೆಗಳಲ್ಲಿ ಸೇರುವ ಮನೆಕೂಟ ಈಗಲೂ ಇದೆ. ಬುಧವಾರವೋ ಶುಕ್ರವಾರವೋ ಎರಡು ಗೀತೆ, ಒಂದು ವೇದಪಾಠ, ಸಭಾಪಾಲಕರ (ಪಾದ್ರಿಗಳ) ಅರ್ಧ ಗಂಟೆಯ ಪ್ರಸಂಗ (ಉಪದೇಶ), ಪ್ರಾರ್ಥನಾ ವಿಷಯಗಳು, ಕರ್ತನ ಪ್ರಾರ್ಥನೆ, ಆಮೇಲೆ ಕೇಸರಿಬಾತು, ಬೋಂಡ. ಆ ಪ್ರಾರ್ಥನಾ ವಿಷಯಗಳನ್ನೇ ಒಮ್ಮೆ ಕಿವಿಗೊಟ್ಟು ಕೇಳಿ. ಮಗಳಿಗೆ ಸಂಬಂಧ ಕೂಡಿಬರಲಿ, ಮಗನಿಗೆ ವೀಸಾ ಆಗಲಿ, ಅತ್ತೆಯ ಮಂಡಿನೋವು ವಾಸಿಯಾಗಲಿ. ಎಲ್ಲವೂ ಬೇಕಾದವೇ. ಆದರೆ ‘ನನ್ನ ನಾಲಿಗೆ ಹತೋಟಿಗೆ ಬರಲಿ’ ಎಂದು ಬಾಯಿಬಿಟ್ಟು ಕೇಳಿಕೊಂಡವರನ್ನು ದೀಪ ಹಿಡಿದು ಹುಡುಕಬೇಕು. ಬದಲಾಗಬೇಕಾದ ಎಲ್ಲವೂ ಮನೆಯ ಹೊರಗೋ, ಮತ್ತೊಬ್ಬರಲ್ಲೋ ಇದೆ ಎಂಬ ಪಾಠವನ್ನು ವರ್ಷಗಟ್ಟಲೆ ಹೀಗೆ ಅರಿವಿಲ್ಲದೆ ಕಲಿಸುತ್ತಿದ್ದೇವೆ.

ಕೂಟವನ್ನು ಸರಿಪಡಿಸುವುದು ಹೇಗೆಂದು ನೇರವಾಗಿ ಹೇಳುತ್ತೇವೆ. ಗುಂಪಿನಲ್ಲಿ ಎಂಟರಿಂದ ಹನ್ನೆರಡು ಜನ. ಐದಕ್ಕಿಂತ ಕಡಿಮೆಯಾದರೆ ಒಬ್ಬರು ಊರಿಗೆ ಹೋದರೂ ಕೂಟ ನಿಲ್ಲುತ್ತದೆ, ಹದಿನೈದಾದರೆ ಹಿಂದಿನ ಸಾಲು ಹುಟ್ಟುತ್ತದೆ. ಹಿಂದಿನ ಸಾಲು ಹುಟ್ಟಿದ ಕೂಟದಲ್ಲಿ ಒಳಗಿನ ಮಾತು ಹೊರಡದು. ಕುರ್ಚಿಗಳನ್ನು ಸಾಲಾಗಿ ಇಡದೆ ಸುತ್ತ ಇಡಿ. ಒಟ್ಟು ತೊಂಬತ್ತು ನಿಮಿಷ: ಒಂದು ಗೀತೆ ಮತ್ತು ಹತ್ತು ವಚನ ಮೀರದ ಓದಿಗೆ ಹದಿನೈದು, ಸುತ್ತಿನ ಮಾತಿಗೆ ಐವತ್ತು, ಒಬ್ಬರ ಹೆಸರನ್ನು ಇನ್ನೊಬ್ಬರು ಹಿಡಿದು ಮಾಡುವ ಪ್ರಾರ್ಥನೆಗೆ ಹದಿನೈದು, ಉಳಿದದ್ದು ಕಾಫಿಗೆ. ಪ್ರಸಂಗ ಬೇಡ, ಅದು ಭಾನುವಾರ ಆಗಿದೆ. ಸಭಾಪಾಲಕರು ಪ್ರತಿ ವಾರ ಬಂದು ಕೂರುವುದೂ ಬೇಡ. ಅವರಿದ್ದರೆ ಎಲ್ಲರೂ ಅವರ ಮುಖ ನೋಡಿಯೇ ಮಾತಾಡುತ್ತಾರೆ, ಅವರಿಗೂ ಉತ್ತರ ಹೇಳದೆ ಇರಲಾಗುವುದಿಲ್ಲ.

ಎಲ್ಲ ನಿಂತಿರುವುದು ಪ್ರಶ್ನೆಯ ಮೇಲೆ. ‘ನಿಮ್ಮ ಆತ್ಮ ಹೇಗಿದೆ?’ ಎಂದು ಕನ್ನಡದಲ್ಲಿ ಕೇಳಿದರೆ ಬರುವ ಉತ್ತರ ಒಂದೇ: ‘ದೇವರ ಕೃಪೆಯಿಂದ ಚೆನ್ನಾಗಿದ್ದೇವೆ.’ ಬಾಗಿಲು ಅಲ್ಲಿಗೇ ಮುಚ್ಚಿತು. ಆದ್ದರಿಂದ ಪ್ರಶ್ನೆಗೆ ವಾರ, ವ್ಯಕ್ತಿ, ಕೆಲಸ ಇವು ಇರಬೇಕು. ಕಳೆದ ಏಳು ದಿನದಲ್ಲಿ ಯಾರ ಮೇಲೆ ಮುನಿಸಿಕೊಂಡಿರಿ, ಅದು ಇನ್ನೂ ಉಳಿದಿದೆಯೇ? ಹಣದ ವಿಷಯದಲ್ಲಿ ಯಾರಿಗಾದರೂ ಹೇಳಲು ಹಿಂಜರಿಯುವಂಥದ್ದು ನಡೆಯಿತೇ? ಯಾವ ದಿನ ಪ್ರಾರ್ಥನೆ ತಪ್ಪಿತು, ಏಕೆ? ಹೋದ ವಾರ ಮಾಡುತ್ತೇನೆಂದದ್ದು ಆಯಿತೇ? ನಾಲ್ಕೇ ಸಾಕು. ಮೊದಲು ಉತ್ತರಿಸಬೇಕಾದವನು ನಾಯಕ. ಅವನು ‘ಸ್ವಲ್ಪ ಕೋಪ ಜಾಸ್ತಿ, ಪ್ರಾರ್ಥಿಸಿ’ ಎಂದರೆ ಸುತ್ತಿನಲ್ಲಿರುವ ಹತ್ತೂ ಮಂದಿ ಅದನ್ನೇ ಹೇಳುತ್ತಾರೆ. ‘ಮಂಗಳವಾರ ರಾತ್ರಿ ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆ ಕುಕ್ಕಿದೆ, ಮಗು ಎದ್ದುಹೋಯಿತು, ಇನ್ನೂ ಅದರ ಹತ್ತಿರ ಮಾತಾಡಿಲ್ಲ’ ಎಂದರೆ ಕೋಣೆಯ ಗಾಳಿಯೇ ಬದಲಾಗುತ್ತದೆ. ಆಗ ಕೇಳಬೇಕಾದದ್ದು ಇಷ್ಟೇ: ಯಾವಾಗ ಮಾತಾಡುತ್ತೀರಿ? ನಾಳೆ ಸ್ಕೂಲಿಗೆ ಬಿಡುವಾಗ. ಸರಿ, ಮುಂದಿನ ವಾರ ಕೇಳುತ್ತೇವೆ. ಗುಂಪು ಅಲ್ಲಿಗೆ ನಿಲ್ಲಬೇಕು. ಕೋಪ ತಡೆಯುವುದು ಹೇಗೆಂದು ಉಪದೇಶ ಶುರುವಾಯಿತೋ, ಮುಂದಿನ ವಾರ ಯಾರೂ ತಟ್ಟೆಯ ಸುದ್ದಿ ಎತ್ತುವುದಿಲ್ಲ. ಕೇಳದೆ ಸಲಹೆ ಕೊಡಬಾರದು ಎಂಬುದೇ ಪಾಲಿಸಲು ಅತ್ಯಂತ ಕಷ್ಟವಾದ ನಿಯಮ, ಅದರಲ್ಲೂ ಹಿರಿಯರಿಗೆ.

ಕೆಡುವುದು ಎಲ್ಲೆಂದರೆ, ಮೊದಲಿಗೆ ಅತ್ತೆ ಸೊಸೆ ಒಂದೇ ಸುತ್ತಿನಲ್ಲಿ ಕೂತಾಗ. ಮಾಲೀಕ, ಅವರ ಅಂಗಡಿಯ ಕೆಲಸದವರು ಜೊತೆಗೆ ಕೂತಾಗಲೂ ಅಷ್ಟೇ. ಅಂಥವರನ್ನು ಬೇರೆ ಬೇರೆ ಗುಂಪಿಗೆ ಹಾಕಿ. ವೆಸ್ಲಿಯವರ ಕ್ಲಾಸಿನಲ್ಲಿ ಗಂಡಸರು, ಹೆಂಗಸರು ಒಟ್ಟಿಗೇ ಇರುತ್ತಿದ್ದರು, ಆದರೆ ಪಾಪ ನಿವೇದನೆಯಂಥ ಆಳದ ಮಾತಿಗೆ ಬ್ಯಾಂಡ್ ಎಂಬ ಇನ್ನೂ ಚಿಕ್ಕ ಗುಂಪುಗಳಿದ್ದವು. ಅವು ಗಂಡಸರಿಗೆ, ಹೆಂಗಸರಿಗೆ, ಮದುವೆಯಾದವರಿಗೆ, ಆಗದವರಿಗೆ ಬೇರೆ ಬೇರೆ. ನಮ್ಮಲ್ಲೂ ಸುತ್ತಿನ ಮಾತು ಮುಗಿದ ಮೇಲೆ ಮೂರು ನಾಲ್ಕು ಜನರಂತೆ ಬೇರ್ಪಟ್ಟು ಪ್ರಾರ್ಥಿಸಿದರೆ ಅರ್ಧ ತೊಡಕು ಕಳೆಯುತ್ತದೆ.

ಎರಡನೆಯದು ವಾಟ್ಸ್ಆ್ಯಪ್. ಗುಂಪಿನಲ್ಲಿ ಹಾಕಬೇಕಾದದ್ದು ಯಾವ ಮನೆ, ಎಷ್ಟು ಗಂಟೆ ಎಂಬುದು ಮಾತ್ರ. ‘ಇಂಥ ಅಣ್ಣನವರಿಗಾಗಿ ವಿಶೇಷವಾಗಿ ಪ್ರಾರ್ಥಿಸಿ, ಮನೆಯಲ್ಲಿ ಸಮಸ್ಯೆ ಇದೆ’ ಎಂಬ ಒಂದು ಸಾಲು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಇಡೀ ಸಭೆಗೆ ಮುಟ್ಟಿರುತ್ತದೆ. ಪ್ರಾರ್ಥನೆಯ ಸೆರಗು ಹೊದ್ದ ಚಾಡಿ ಅದು. ಹಾಜರಿ ಬರೆದಿಡಿ, ಆಡಿದ ಮಾತನ್ನು ಬರೆದಿಡಬೇಡಿ.

ಗುಟ್ಟು ಕಾಯುವುದಕ್ಕೂ ಮಿತಿ ಇದೆ, ಅದನ್ನು ಮೊದಲ ವಾರವೇ ಎಲ್ಲರಿಗೂ ಹೇಳಿಬಿಡಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಸಂಗತಿ ಬಾಯಿಗೆ ಬಂದರೆ ಅದು ಕ್ಷಮಾಪಣೆಯಲ್ಲಿ ಮುಗಿಯುವ ವಿಷಯವಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಹೆಂಡತಿಗೆ ಹೊಡೆಯುವವನು ಅತ್ತ ಮಾತ್ರಕ್ಕೆ ಅವಳನ್ನು ಅದೇ ಮನೆಗೆ ವಾಪಸು ಕಳಿಸಬಾರದು. ಬದುಕು ಸಾಕಾಯಿತು ಎಂದವರನ್ನು ಪ್ರಾರ್ಥನೆಯ ಜೊತೆಗೆ ವೈದ್ಯರ ಬಳಿಗೂ ಕರೆದೊಯ್ಯಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಸಿಗುತ್ತದೆ. ಖಿನ್ನತೆಯನ್ನು ವಿಶ್ವಾಸದ ಕೊರತೆ ಎಂದು ಗದರುವ ನಾಯಕನಿಂದ ಆಗುವ ಹಾನಿ ಕೂಟವೇ ಇಲ್ಲದಿದ್ದರೆ ಆಗುವುದಕ್ಕಿಂತ ದೊಡ್ಡದು.

ನಾಯಕನ ಆಯ್ಕೆಯಲ್ಲೂ ಎಡವುತ್ತೇವೆ. ಚೆನ್ನಾಗಿ ಮಾತಾಡುವವರನ್ನು ಹುಡುಕುತ್ತೇವೆ, ಬೇಕಾದದ್ದು ಚೆನ್ನಾಗಿ ಕೇಳಿಸಿಕೊಳ್ಳುವವರು. ಹಳೆಯ ಕ್ಲಾಸುಗಳಲ್ಲಿ ಹೆಂಗಸರೂ ಕೂಲಿಯವರೂ ನಾಯಕರಾಗಿದ್ದರು. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಇಲ್ಲವಾದರೆ ಅದೂ ಒಂದು ಗದ್ದುಗೆಯಾಗುತ್ತದೆ. ಯಾರನ್ನು ಮದುವೆಯಾಗಬೇಕು, ಯಾವ ಕೆಲಸ ಬಿಡಬೇಕೆಂದು ಆಜ್ಞೆ ಮಾಡುವ ನಾಯಕನನ್ನು ಎರಡು ವರ್ಷ ಕಾಯದೆ ಇಳಿಸಿ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಕ್ಲಾಸುಗಳು ಸೊರಗಿದ್ದು ವಿರೋಧದಿಂದಲ್ಲ, ಒಬ್ಬರೇ ನಾಯಕರು ಮುದುಕರಾಗುವವರೆಗೂ ಕೂತದ್ದರಿಂದ, ದೇವರು ತಮ್ಮಲ್ಲಿ ಮಾಡಿದ್ದರ ಒಂದೇ ಸಾಕ್ಷಿಯನ್ನು ಅದೇ ಮಾತುಗಳಲ್ಲಿ ವರ್ಷಗಟ್ಟಲೆ ಒಪ್ಪಿಸಿದ್ದರಿಂದ. ಬಡವರು ಕಾಸಿಲ್ಲದೆ ಬರಲು ನಾಚಿಕೊಂಡದ್ದೂ ಉಂಟು. ಡಬ್ಬಿ ಇಡುವುದಾದರೆ ಕಣ್ಣಿಗೆ ಬೀಳದ ಕಡೆ ಇಡಿ, ಸೇರಿದ್ದು ಗುಂಪಿನವರ ಅಕ್ಕಿಗೋ ಔಷಧಿಗೋ ಹೋಗಲಿ, ತಿಂಗಳಿಗೊಮ್ಮೆ ಲೆಕ್ಕ ಓದಿ. ತಿಂಡಿಯನ್ನು ಕಾಫಿ, ಬಿಸ್ಕತ್ತಿಗೆ ಇಳಿಸಿ. ಈ ವಾರದ ಮನೆಯ ಕೇಸರಿಬಾತಿಗೆ ಮುಂದಿನ ಮನೆಯವರು ಬಿರಿಯಾನಿಯಲ್ಲಿ ಉತ್ತರ ಕೊಡತೊಡಗಿದರೆ ಬಾಡಿಗೆ ಮನೆಯವರು ತಮ್ಮ ಸರದಿ ಬರುವ ಮುನ್ನವೇ ಕೂಟ ಬಿಡುತ್ತಾರೆ.

ಪವಿತ್ರಾತ್ಮನ ಕೆಲಸಕ್ಕೆ ಗಡಿಯಾರ ಕಟ್ಟುತ್ತೀರಾ ಎಂದು ಕೆಲವರು ಕೇಳಬಹುದು. ಮಳೆ ಸುರಿಸುವುದು ರೈತನ ಕೈಲಿಲ್ಲ, ಬದು ಹಾಕುವುದು ಅವನ ಕೈಲಿದೆ. ಉಜ್ಜೀವನ ಕೂಟ ಬೇಡವೆಂದು ನಾವು ಹೇಳುತ್ತಿಲ್ಲ. ಬದುವಿಲ್ಲದ ಹೊಲದಲ್ಲಿ ಒಳ್ಳೆಯ ಮಳೆಯೂ ಮೇಲ್ಮಣ್ಣು ಕೊಚ್ಚಿಕೊಂಡು ಹೋಗುತ್ತದೆ.

ಇನ್ನು ಚುನಾವಣೆಯ ಜಗಳ. ಸಿಎಸ್‌ಐ ಸಭೆ 1950ರಲ್ಲಿ ರೂಪಿಸಿದ ಕರ್ತನ ಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚುವ) ಆರಾಧನಾಕ್ರಮದಲ್ಲಿ ಸಮಾಧಾನ ಹಂಚುವ ಒಂದು ಘಟ್ಟವಿದೆ. ಕೊಡುವವರು ತಮ್ಮ ಎರಡು ಅಂಗೈಗಳ ನಡುವೆ ಇನ್ನೊಬ್ಬರ ಕೈ ಹಿಡಿಯುತ್ತಾರೆ, ಪಡೆದವರು ಪಕ್ಕದವರಿಗೆ ಕೊಡುತ್ತಾರೆ. ಯಾವುದೇ ಭಾನುವಾರ ಹಿಂದೆ ನಿಂತು ನೋಡಿ: ಸಮಾಧಾನ ಪಕ್ಕದ ಕುರ್ಚಿಗೆ ಸರಾಗವಾಗಿ ಹೋಗುತ್ತದೆ, ಮೂರು ಸಾಲು ಮುಂದೆ ಕೂತ ಎದುರು ಪಕ್ಷದವರಿಗೆ ಮಾತ್ರ ತಲುಪುವುದಿಲ್ಲ. ಅವರಿಗೆ ಬೇರೊಬ್ಬರು ಕೊಟ್ಟಿರುತ್ತಾರೆ, ಕ್ರಮ ತಪ್ಪಿಲ್ಲ, ದಾಖಲೆಯೂ ಸರಿಯಾಗಿದೆ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗು ಎಂದು ಮತ್ತಾಯನ 5ನೇ ಅಧ್ಯಾಯ ಹೇಳುತ್ತದೆ. ಮೊದಲು ಒಬ್ಬನೇ, ಆಮೇಲೆ ಒಬ್ಬಿಬ್ಬರ ಜೊತೆ, ಕೊನೆಗೆ ಸಭೆಯ ಮುಂದೆ ಎಂದು 18ನೇ ಅಧ್ಯಾಯ ಮೆಟ್ಟಿಲುಗಳನ್ನೂ ಕೊಟ್ಟಿದೆ. ನಾವು ಮೊದಲ ಎರಡು ಮೆಟ್ಟಿಲನ್ನು ಹಾರಿ ನೇರ ವಕೀಲರ ಮನೆಗೆ ಹೋಗುತ್ತೇವೆ.

ಆ ಮೆಟ್ಟಿಲುಗಳನ್ನು ಹತ್ತಿಸಲು ಭಾಷಣ ಸಾಲದು, ವಾರವಾರ ಕೇಳುವವರು ಬೇಕು. ಇಡೀ ಸಭೆಯಲ್ಲಿ ಘೋಷಿಸಿ ಹತ್ತು ಗುಂಪು ಒಮ್ಮೆಗೇ ತೆರೆಯಬೇಡಿ, ತಿಂಗಳಲ್ಲಿ ಹತ್ತೂ ಪ್ರಸಂಗದ ಕೂಟವಾಗುತ್ತವೆ. ಮನಸ್ಸಿರುವ ಎಂಟು ಜನರನ್ನು ಸೇರಿಸಿ ಹನ್ನೆರಡು ವಾರ ನಡೆಸಿ, ಅವರಲ್ಲಿ ಇಬ್ಬರು ಮುಂದಿನ ಗುಂಪಿಗೆ ನಾಯಕರಾಗಲಿ. ಜಗಳದ ಎರಡೂ ಪಕ್ಷದವರನ್ನು ಒಂದೇ ಸುತ್ತಿನಲ್ಲಿ ಕೂರಿಸುವ ಹುಮ್ಮಸ್ಸು ಬೇಡ, ಅದು ಪಂಚಾಯಿತಿ ಕಟ್ಟೆಯಾಗುತ್ತದೆ. ಬೇರೆ ಬೇರೆ ಮನೆಗಳಲ್ಲಿ ಕೂರಿಸಿ. ಎರಡೂ ಮನೆಗಳಲ್ಲಿ ಪ್ರತಿ ವಾರ ಅದೇ ಪ್ರಶ್ನೆ ಬರಲಿ, ದನಿ ಏರಿಸದೆ, ಬಿಡದೆ: ಅವರ ಮನೆಗೆ ಹೋದಿರಾ?

ಇಂತಿ,
ಮನೆಕೂಟಗಳ ಹೊಣೆ ಹೊತ್ತ ಕೆಲವರು
ಮೈಸೂರು